ದಿವಾನ್ ಸಿ. ರಂಗಾಚಾರ್ಲು ಅವರೂ ಮೈಸೂರಿನ ಬೊಕ್ಕಸವೂ

ಕಲ್ಯಾಣಪಟ್ಟಣದಲ್ಲಿ ಶ್ರೀ ಬಸವೇಶ್ವರರು ಬಿಜ್ಜಳರಾಯನ ಭಂಡಾರದ ಅಧಿಕಾರವನ್ನು ವಹಿಸಿದ್ದರೆಂಬುದೂ, ಅರಸನ ದ್ರವ್ಯವನ್ನು ಜಂಗಮರಿಗೆ ಸೂರೆಗೊಡುತ್ತಿರುವರೆಂದು ಕೊಂಡೆಯರು ದೂರಿದಾಗ ಭಂಡಾರವನ್ನು ತೆರೆಸಿ ಎಣಿಸಲಾಗಿ ಒಂದು ಹಣವೂ ಕಡಮೆಯಾಗಿರಲಿಲ್ಲವೆಂಬುದೂ ನಮ್ಮ ಪುರಾಣಗಳಲ್ಲಿ ಪ್ರಸಿದ್ಧವಾಗಿರುವುದಷ್ಟೆ. ಆ ಪ್ರಸಂಗವನ್ನು ಮಠದ ಪುರಾಣಶ್ರವಣದಲ್ಲಿ ಕೇಳಿ ತಲೆದೂಗದ ಭಕ್ತರಿಲ್ಲ. ಆದರೆ ಪರರ ದ್ರವ್ಯವನ್ನು ಕಾಯುವುದು, ಅದರಲ್ಲಿ ಯಾರಿಗೆ ಎಷ್ಟು ಸಲ್ಲಬೇಕೆಂದು ನಿರ್ಣಯಿಸುವುದು, ಕೇಳಿದವರ ಮುಂದೆ ಲೆಕ್ಕವನ್ನು ತೆರೆದಿಡುವುದು, ಇವು ಎಷ್ಟು ಕಷ್ಟವಾದ ಕಾಯಕವೆಂಬುದನ್ನು ಭಂಡಾರದ ಬೀಗದಕೈಯನ್ನು ಹಿಡಿದವರೇ ಬಲ್ಲರು. ಈ ಮಹೋತ್ಸವದ ಸಂಪುಟದಲ್ಲಿ ಶರಣರ ಚರಿತ್ರೆಗಳ ನಡುವೆ ಶ್ರೀವೈಷ್ಣವರೊಬ್ಬರ ಚರಿತ್ರೆಯನ್ನು ಸೇರಿಸಿರುವುದಕ್ಕೆ ಕಾರಣವಿಷ್ಟೆ. ಸಮಯಭೇದವು ಪೂಜೆಯಲ್ಲಿ ಉಂಟು. ಲೆಕ್ಕದ ಪುಸ್ತಕದಲ್ಲಿ ಇಲ್ಲ.

ಚೆಟ್ಟಿಪುಣ್ಯಂ ವೀರವಲ್ಲಿ ರಂಗಾಚಾರ್ಲು ಅವರು 1831ರಲ್ಲಿ ಮದರಾಸು ಸೀಮೆಯ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಜನಿಸಿದರು. ತಂದೆಯವರು ಕಲೆಕ್ಟರರ ಕಚೇರಿಯಲ್ಲಿ ಸಾಮಾನ್ಯ ನೌಕರರು. ಬಾಲಕನು ಮದರಾಸಿನಲ್ಲಿ ಇಂಗ್ಲಿಷ್ ವಿದ್ಯೆಯನ್ನು ಕಲಿತು, ತಾನೂ ಕಚೇರಿಯ ಗುಮಾಸ್ತೆಯಾಗಿ ಕೆಳಗಿನ ಮೆಟ್ಟಿಲಿನಿಂದಲೇ ಏರತೊಡಗಿದನು. ತರುಣ ವಯಸ್ಸಿನಲ್ಲಿಯೇ ಅವರು ಲಂಚದ ವಿಷಯವಾಗಿಯೂ ಮಿರಾಸಿ ಹಕ್ಕಿನ ವಿಷಯವಾಗಿಯೂ ಕಿರುಹೊತ್ತಗೆಗಳನ್ನು ಬರೆದು ಪ್ರಕಟಿಸಿದರೆಂಬುದು ಗಮನಿಸತಕ್ಕ ಸಂಗತಿ. ಅಲ್ಪ ಸಂಬಳದ ಗುಮಾಸ್ತೆಯ ಮುಂದೆ ರೈತನ ಭೂಮಿಯ ಕಾಗದವು ಬಂದು ಬೀಳುವಾಗ ಏನೇನು ನಡೆಯುವುದೆಂಬುದನ್ನು ಅವರು ದೂರದಿಂದ ಕೇಳಿದವರಲ್ಲ, ಪಕ್ಕದ ಮಣೆಯಲ್ಲಿ ಕುಳಿತು ಕಂಡವರು. ಮುಂದೆ ಇನಾಂ ಕಮೀಷನ್ನಿನಲ್ಲಿ ಕೆಲಸ ಮಾಡಿ, ಯಾವ ಉಂಬಳಿಯು ಯಾರಿಗೆ ಏತಕ್ಕಾಗಿ ಬಿಡಲ್ಪಟ್ಟಿತು, ಆ ಸೇವೆಯು ಈಗಲೂ ನಡೆಯುತ್ತಿದೆಯೆ ಎಂದು ವಿಚಾರಿಸುವ ವಿದ್ಯೆಯಲ್ಲಿ ಪಳಗಿದರು. ಆ ಬಳಿಕ ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರರಾಗಿ ಖಜಾನೆಯ ಕೆಲಸವನ್ನು ನೋಡಿಕೊಂಡರು.

ಅವರು ಮೈಸೂರಿಗೆ ಬಂದ ಸನ್ನಿವೇಶವನ್ನು ತಿಳಿಯಬೇಕಾದರೆ ಹಿಂದಿನ ಕಥೆಯನ್ನು ಸ್ವಲ್ಪ ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ದಿವಾನ್ ಪೂರ್ಣಯ್ಯನವರು ರಾಜ್ಯಭಾರ ಮಾಡಿದರು. ಕಂಪನಿಯವರಿಗೆ ವರ್ಷಂಪ್ರತಿ ಸಲ್ಲಿಸಬೇಕಾದ ಪೊಗದಿಯು ಏಳು ಲಕ್ಷ ವರಹ, ಎಂದರೆ 24½ ಲಕ್ಷ ರೂಪಾಯಿ. ಅದನ್ನು ತಪ್ಪದೆ ತೆತ್ತು, ಮೇಲೆ ಎರಡು ಕೋಟಿ ರೂಪಾಯಿಗಳಷ್ಟು ದ್ರವ್ಯವನ್ನು ಪೂರ್ಣಯ್ಯನವರು ಕೂಡಿಟ್ಟಿದ್ದರೆಂದು ಚರಿತ್ರಕಾರರು ಹೇಳುವರು. ಆ ನಿಧಿಯು ಇಪ್ಪತ್ತು ವರ್ಷಗಳೊಳಗಾಗಿ ಕರಗಿಹೋಯಿತು. ಸವಾರರ ಸಂಬಳವು ಬಾಕಿ ಬಿದ್ದಿತು. ನಗರದ ಸೀಮೆಯಲ್ಲಿ ರೈತರು ದಂಗೆಯೆದ್ದರು. 1831ರಲ್ಲಿ ಕಂಪನಿಯವರು ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಮಹಾರಾಜರಿಗೆ ಉಳಿದುದು ವರ್ಷಕ್ಕೆ ಒಂದು ಲಕ್ಷ ವರಹವೂ ರಾಜ್ಯದ ನಿವ್ವಳ ಹುಟ್ಟುವಳಿಯ ಐದನೆಯ ಒಂದು ಪಾಲೂ ಮಾತ್ರ. ಧರ್ಮಿಷ್ಠರೂ ವಿದ್ವಜ್ಜನಪೋಷಕರೂ ಆಗಿದ್ದ ಆ ಪ್ರಭುಗಳು ಬೇಡಿದವರಿಗೆ ಇಲ್ಲವೆನ್ನದೆ ಕೊಟ್ಟರು. ಕವಿಗಳು ಬಂದರು, ಪಂಡಿತರು ಬಂದರು, ಗಾಯಕರು ಬಂದರು. ಅವರ ಹಿಂದೆ ಯಾವ ವಿದ್ಯೆಯೂ ಇಲ್ಲದ ಪರಿವಾರವೂ ಬಂದಿತು. 1868ನೆಯ ಮಾರ್ಚಿ 27ರಂದು ಅವರು ಸ್ವರ್ಗಸ್ಥರಾದಾಗ ದತ್ತಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ ಕೇವಲ ಐದು ವರ್ಷ. ಅರಮನೆಯಲ್ಲಿ ಸಾಲಗಾರರ ಪತ್ರಗಳು ಒಂದು ಕಡೆ, ಸಂಬಳಕ್ಕೂ ಪಿಂಚಿನಿಗೂ ಕೈಚಾಚಿ ನಿಂತ ಊಳಿಗದವರು ಇನ್ನೊಂದು ಕಡೆ.

ಈ ಗೋಜನ್ನು ಬಿಡಿಸುವುದಕ್ಕಾಗಿ ಸರ್ಕಾರದವರು ಮೇಜರ್ ಎಲಿಯಟ್ ಸಾಹೇಬರನ್ನು ನೇಮಿಸಿ, ಅವರ ಸಹಾಯಕ್ಕೆಂದು ರಂಗಾಚಾರ್ಲು ಅವರನ್ನು ಮದರಾಸಿನಿಂದ ಕರೆಸಿಕೊಂಡರು. ಮುಂದೆ ಅವರು ಅರಮನೆಯ ಕಂಟ್ರೋಲರರೆಂದು ಹೆಸರಾದರು. ಅರಮನೆಯ ವಸ್ತುಗಳ ಪಟ್ಟಿಯಾಗಬೇಕು, ಸಾಲಗಾರರ ಹಕ್ಕನ್ನು ಶೋಧಿಸಬೇಕು, ಆಶ್ರಿತರಲ್ಲಿ ಯಾರಿಗೆ ಪಿಂಚಿನಿ, ಯಾರಿಗೆ ಒಂದೇ ಗಂಟಿನ ಇನಾಮು, ಯಾರಿಗೆ ಊಳಿಗ ಎಂಬುದನ್ನು ಗೊತ್ತುಮಾಡಬೇಕು. ಹೇಳುವುದಕ್ಕೆ ಇದು ನಾಲ್ಕು ಮಾತಿನ ಕೆಲಸ. ಆದರೆ ಪಟ್ಟಿಯಲ್ಲಿಯ ಒಂದೊಂದು ಹೆಸರಿನ ಹಿಂದೆಯೂ ಒಂದು ಒಲೆಯುಂಟು ಎಂಬುದನ್ನು ಓದುಗರು ಮರೆಯಬಾರದು. ಅರಮನೆಯ ದೀವಟಿಗೆಯನ್ನು ಹಿಡಿದು ಮುದುಕನಾದವನು ಬೇರೆ, ದೀವಟಿಗೆಯವನ ಭಾವಮೈದುನನೆಂದು ಪಡಿ ಹೊಂದುತ್ತಿರುವವನು ಬೇರೆ. ಮೊದಲನೆಯವನಿಗೆ ಕೊಡುವುದು ದಾನವಲ್ಲ, ಋಣ. ಎರಡನೆಯವನಿಗೆ ಕೊಡುವುದು ರೈತನ ಕಂದಾಯದಿಂದ ಮಾಡಿದ ದಾಕ್ಷಿಣ್ಯ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಕಣ್ಣೀರು ಸುರಿಸುವಾಗ ಇವರನ್ನು ಬೇರ್ಪಡಿಸುವವನಿಗೆ ಶಾಪವೇ ಸಂಬಳ. ಪರಸೀಮೆಯಿಂದ ಬಂದವನು, ತಮಿಳು ಮಾತಿನವನು, ನಮ್ಮ ಅನ್ನಕ್ಕೆ ಅಳತೆಗೋಲು ಹಿಡಿದನೆಂಬ ಮುನಿಸು ಅರಮನೆಯ ಪರಿವಾರದಲ್ಲಿ ಹುಟ್ಟಿದುದು ಆಶ್ಚರ್ಯವೇನೂ ಅಲ್ಲ. ನಮ್ಮ ಮಠಗಳಲ್ಲಿಯೂ ದಾಸೋಹದ ಕೊಪ್ಪರಿಗೆಯನ್ನು ಮೂವತ್ತು ವರ್ಷ ಇಳಿಸಿ ಏರಿಸಿ ಬೆನ್ನು ಬಾಗಿದ ಸೇವಕನಿಗೆ ಏನು ಸಲ್ಲಬೇಕೆಂಬ ಪ್ರಶ್ನೆ ಬಂದಾಗ ಅಧಿಕಾರಿಗಳ ಮುಖವು ಬಾಡುವುದನ್ನು ಕಂಡಿದ್ದೇನೆ. ಹೀಗಿರುವಲ್ಲಿ ಸಾವಿರಾರು ಜನರ ಅರಮನೆಯ ಮಾತೇನು?

ಅರಮನೆಯ ಪಡಿಯಷ್ಟೇ ಅವರ ಕಣ್ಣಿಗೆ ಬಿದ್ದಿದ್ದರೆ ಅವರನ್ನು ಬಡವರ ಮೇಲೆ ಕೈಮಾಡಿದವರೆಂದು ದೂಷಿಸಬಹುದಾಗಿತ್ತು. ಆದರೆ 1874ರಲ್ಲಿ ಲಂಡನ್ನಿನಲ್ಲಿ ಮೈಸೂರಿನ ಬ್ರಿಟಿಷ್ ಆಡಳಿತವನ್ನು ಕುರಿತ ಒಂದು ಪುಸ್ತಿಕೆ ಹೊರಬಂದಿತು. ಅದರ ಮೇಲೆ ಗ್ರಂಥಕರ್ತನ ಹೆಸರಿರಲಿಲ್ಲ; ಮೈಸೂರಿನವನೊಬ್ಬನು ಬರೆದುದೆಂದು ಮಾತ್ರವಿತ್ತು. ಬರೆದವರು ರಂಗಾಚಾರ್ಲು ಅವರೇ. ಸರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಅಲ್ಪಸಂಖ್ಯೆಯ ಐರೋಪ್ಯ ಅಧಿಕಾರಿಗಳಿಂದಲೇ ನಡೆದುಹೋಗುತ್ತಿದ್ದ ರಾಜ್ಯದಲ್ಲಿ, 1862ರಿಂದೀಚೆಗೆ ದೊಡ್ಡ ಸಂಬಳದ ಹುದ್ದೆಗಳು ಒಂದರ ಮೇಲೊಂದು ಏರಿದುವು. ದೇಶೀಯರು ಮಾಡಬಲ್ಲ ಕೆಲಸಕ್ಕೆ ಸೀಮೆಯಿಂದ ಬಂದವರಿಗೆ ಹಲವು ಪಾಲು ಹೆಚ್ಚಿಗೆ ತೆರಬೇಕಾಯಿತು. ಇದೇ ಆ ಪುಸ್ತಿಕೆಯ ತಿರುಳು. ತಾವು ಸೇವೆ ಮಾಡುತ್ತಿದ್ದ ಸರ್ಕಾರದ ಖರ್ಚನ್ನೇ ಹೀಗೆ ವಿಮರ್ಶಿಸುವುದು ಆ ಕಾಲದ ನೌಕರನಿಗೆ ಸುಲಭವಾದ ಮಾತಾಗಿರಲಿಲ್ಲ. ಅರಮನೆಯ ಬಾಗಿಲಲ್ಲಿ ಹಿಡಿದ ಅಳತೆಗೋಲನ್ನೇ ಅವರು ಬೆಂಗಳೂರಿನ ದೊಡ್ಡ ಕಚೇರಿಗಳ ಮುಂದೆಯೂ ಹಿಡಿದರು.

ಅಷ್ಟರಲ್ಲಿ ಕ್ಷಾಮವು ಬಂದಿತು. 1876 ಮತ್ತು 1877ರಲ್ಲಿ ಮಳೆಗಳು ಕೈಕೊಟ್ಟು, ಧಾತು ಈಶ್ವರ ಸಂವತ್ಸರಗಳ ಹೆಸರೇ ಜನರ ಬಾಯಲ್ಲಿ ಭಯದ ಮಾತಾಯಿತು. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಊರುಗಳು ಹಾಳುಬಿದ್ದುವು, ಎತ್ತುಗಳು ಸತ್ತುವು, ಕಂದಾಯವು ನಿಂತಿತು. ಹಿಂದೆ ಕೂಡಿಟ್ಟಿದ್ದ 63 ಲಕ್ಷ ರೂಪಾಯಿಗಳ ನಿಧಿಯು ಖರ್ಚಾಗಿ, ಇಂಡಿಯಾ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲವು ಬಾಕಿ ನಿಂತಿತು. ಈ ಸಾಲದ ರಾಜ್ಯವೇ 1881ನೆಯ ಮಾರ್ಚಿ 25ರಂದು ಚಾಮರಾಜೇಂದ್ರ ಒಡೆಯರ ಕೈಸೇರಿದುದು. ರಂಗಾಚಾರ್ಲು ಅವರು ಅದೇ ದಿನ ದಿವಾನರಾದರು.

ಲೆಕ್ಕವನ್ನು ಓದುಗರು ತಾವೇ ಹಾಕಿ ನೋಡಬಹುದು. ರಾಜ್ಯದ ವಾರ್ಷಿಕ ಹುಟ್ಟುವಳಿ ಸುಮಾರು ಒಂದು ಕೋಟಿ ರೂಪಾಯಿ. ಅದರಲ್ಲಿ ಕಾಲುಪಾಲಿನಷ್ಟು ಪೊಗದಿಗೇ ಹೋಗುವುದು. ಅದೂ ಸಾಲದೆಂದು ರಾಜ್ಯವನ್ನು ಹಿಂದಕ್ಕೆ ಕೊಡುವ ಪತ್ರದಲ್ಲಿ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದ್ದರು. ಕ್ಷಾಮದ ಸ್ಥಿತಿಯನ್ನು ಕಂಡು ಲಾರ್ಡ್ ರಿಪ್ಪನ್ ಪ್ರಭುಗಳು ಹೆಚ್ಚಿನ 10½ ಲಕ್ಷವನ್ನು ಐದು ವರ್ಷ ತಡೆಹಿಡಿದರು. ಸಾಲದ ಬಡ್ಡಿಯನ್ನು ನಿಲ್ಲಿಸುವಂತಿಲ್ಲ, ಅರಮನೆಯ ವೆಚ್ಚಕ್ಕೆ ತೆರಬೇಕು, ಕೆಲಸಬಿಟ್ಟ ಅಧಿಕಾರಿಗಳ ಪಿಂಚಿನಿಯನ್ನು ನಿಲ್ಲಿಸುವುದು ಅಧರ್ಮ. ರೈತನ ಮೇಲೆ ಹೊಸ ತೆರಿಗೆ ಹೊರಿಸೋಣವೆಂದರೆ ರೈತನು ಈಗತಾನೆ ಮಸಣದ ಬಾಗಿಲಿನಿಂದ ಎದ್ದು ಬಂದಿದ್ದಾನೆ. ಕೈಹಾಕಬಹುದಾಗಿದ್ದುದು ಒಂದೇ ಕಡೆ: ಸರ್ಕಾರದ ಸ್ವಂತ ಸಿಬ್ಬಂದಿಯ ಮೇಲೆ.

ಕಡಿತವು ಮೇಲಿನಿಂದಲೇ ಆರಂಭವಾಗಿತ್ತು. ರಾಜ್ಯವು ಕೈಸೇರುವುದಕ್ಕೆ ಮೊದಲೇ, ಗಾರ್ಡನ್ ಸಾಹೇಬರು ಚೀಫ್ ಕಮೀಷನರರೂ ರಂಗಾಚಾರ್ಲು ಅವರು ರೆವಿನ್ಯೂ ಕಾರ್ಯದರ್ಶಿಗಳೂ ಆಗಿದ್ದಾಗ, ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ವಿಭಾಗಗಳ ಮೇಲಿನ ದೊಡ್ಡ ಹುದ್ದೆಗಳು ರದ್ದಾದುವು. ಐರೋಪ್ಯರು ಬಿಟ್ಟ ಸ್ಥಾನಗಳಿಗೆ ದೇಶೀಯರು ಕಡಮೆ ಸಂಬಳದ ಮೇಲೆ ಬಂದರು. ದಿವಾನರಾದ ಮೇಲೆ ನ್ಯಾಯಸ್ಥಾನಗಳನ್ನೂ ಸೆರೆಮನೆಗಳನ್ನೂ ಒಂದುಗೂಡಿಸಿ, ಕೆಲವು ತಾಲ್ಲೂಕುಗಳನ್ನು ಉಪತಾಲ್ಲೂಕುಗಳನ್ನಾಗಿ ಮಾಡಿದರು. 1882ರಲ್ಲಿ ಹಾಸನ ಚಿತ್ರದುರ್ಗಗಳೆಂಬ ಎರಡು ಜಿಲ್ಲೆಗಳನ್ನೇ ತೆಗೆದು ಉಪವಿಭಾಗಗಳ ಮಟ್ಟಕ್ಕೆ ಇಳಿಸಿದರು.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡಲಾರೆ. ಚಿತ್ರದುರ್ಗವು ನಮ್ಮ ಸಮಾಜಕ್ಕೆ ಬರಿಯ ಊರಲ್ಲ, ಬೃಹನ್ಮಠದ ನೆಲೆ. ಆ ಸೀಮೆಯ ಬಡ ಒಕ್ಕಲಿಗನು ಜಿಲ್ಲೆಯ ಕೆಲಸವಿದ್ದಾಗ ತುಮಕೂರಿನ ದಾರಿ ಹಿಡಿಯಬೇಕಾಯಿತು. ದಿವಾನರು ಉಳಿಸಿದ ಅಧಿಕಾರಿಯ ಸಂಬಳವು ಬೊಕ್ಕಸದಲ್ಲಿ ಜಮೆಯಾಯಿತು ನಿಜ. ಆದರೆ ರೈತನ ಬಂಡಿಬಾಡಿಗೆ, ದಾರಿಯ ಬುತ್ತಿ, ಕೆಲಸಗೆಟ್ಟ ದಿನಗಳು, ಇವು ಯಾವ ಖಾತೆಯಲ್ಲಿಯೂ ಖರ್ಚು ಬೀಳಲಿಲ್ಲ. ಸರ್ಕಾರದ ಮಿತವ್ಯಯವು ಕೆಲವು ವೇಳೆ ಖರ್ಚನ್ನು ಕಳೆಯುವುದಿಲ್ಲ, ತೋರದ ಕಡೆಗೆ ದೂಡುತ್ತದೆ. 1886ರಲ್ಲಿ, ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ, ಆ ಎರಡು ಜಿಲ್ಲೆಗಳೂ ಮರಳಿ ಏರ್ಪಟ್ಟುವು. ಆದಕಾರಣ ರಂಗಾಚಾರ್ಲು ಅವರ ಕತ್ತರಿಯು ಅಲ್ಲಿ ಬಟ್ಟೆಯನ್ನು ಮೀರಿ ಮೈಯನ್ನೂ ಸೋಕಿತೆಂದು ಹೇಳಬೇಕಾಗುವುದು. ಮಹನೀಯರ ಚರಿತ್ರೆಯಲ್ಲಿ ಇಂಥದನ್ನು ಬಿಟ್ಟು ಬರೆಯುವುದು ಭಕ್ತಿಯಲ್ಲ.

ಆದರೆ ಅವರು ಎಲ್ಲ ಖರ್ಚನ್ನೂ ಶತ್ರುವೆಂದೆಣಿಸಿದವರಲ್ಲ. ಕ್ಷಾಮದ ಕಾಲದಲ್ಲಿ ಹಸಿದವರಿಗೆ ಕೂಲಿ ಕೊಡುವುದಕ್ಕೆಂದು ಮೊದಲಾದ ಬೆಂಗಳೂರು ಮೈಸೂರು ರೈಲುದಾರಿಯ ಕೆಲಸವನ್ನು ಅವರು ನಿಲ್ಲಗೊಡಲಿಲ್ಲ. ರಾಜ್ಯದ ಸ್ವಂತ ಹಣದಿಂದಲೇ ಅದು ಮುಂದುವರಿದು, 1882ರಲ್ಲಿ ಬಂಡಿಯು ಮೈಸೂರನ್ನು ಮುಟ್ಟಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸುವ ದಾರಿಯಿಲ್ಲದೆ ಸತ್ತವರೆಷ್ಟು ಮಂದಿ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಕುಳಿತು ಉಣ್ಣುವ ಖರ್ಚು ಬೇರೆ, ಬಿತ್ತುವ ಖರ್ಚು ಬೇರೆ ಎಂಬ ವಿವೇಕವು ಅವರಲ್ಲಿತ್ತು.

ಇವೆಲ್ಲಕ್ಕಿಂತಲೂ ಅವರ ಹೆಸರನ್ನು ಉಳಿಸಿದ ಕಾರ್ಯವು ಇನ್ನೊಂದು. 1881ನೆಯ ಆಗಸ್ಟ್ ತಿಂಗಳಲ್ಲಿ ಮಹಾರಾಜರ ಆಜ್ಞೆ ಹೊರಟು, ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿ ಕೂಡಿತು. ತಾಲ್ಲೂಕು ತಾಲ್ಲೂಕಿನಿಂದ ಬಂದ ಜಮೀನ್ದಾರರೂ ವರ್ತಕರೂ ಸೇರಿ 144 ಮಂದಿ. ಅವರನ್ನು ಪ್ರಜೆಗಳು ಆರಿಸಿರಲಿಲ್ಲ; ಅವರಿಗೆ ಮತವಿರಲಿಲ್ಲ, ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರವೂ ಇರಲಿಲ್ಲ. ಹಾಗಾದರೆ ಅದರಲ್ಲೇನು ಹೆಚ್ಚಳವೆಂದು ಈಗಿನವರು ಕೇಳಬಹುದು. ಅದುವರೆಗೆ ರೈತನು ಕಂದಾಯ ಕೊಟ್ಟು ರಸೀತಿ ಪಡೆದವನೇ ಹೊರತು, ಆ ಹಣವು ಏನಾಯಿತೆಂದು ಕೇಳಿದವನಲ್ಲ. ಈಗ ರಾಜ್ಯದ ದಿವಾನರೇ ಎದ್ದು ನಿಂತು, ಬಂದುದು ಇಷ್ಟು, ಹೋದುದು ಇಷ್ಟು, ಯಾವ ಯಾವ ಹುದ್ದೆಗಳನ್ನು ಕಡಮೆ ಮಾಡಿದೆವು, ಸಾಲವೆಷ್ಟು ಎಂಬ ವಿವರವನ್ನು ಆ ರುಮಾಲಿನವರ ಮುಂದೆ ಅರಿಕೆ ಮಾಡಿದರು. ಕಡಿತದಿಂದ ನೊಂದ ಊರಿನವರೂ ಅಲ್ಲಿ ಕುಳಿತಿದ್ದರು; ತಮ್ಮ ಕಷ್ಟವನ್ನು ಹೇಳಿಕೊಳ್ಳುವುದಕ್ಕೆ ಅವರಿಗೆ ಸ್ಥಳವೊಂದು ದೊರೆಯಿತು. ಭಂಡಾರದ ಬಾಗಿಲನ್ನು ತೆರೆಸಿ ಎಣಿಸಿರೆಂದ ಕಲ್ಯಾಣದ ಪ್ರಸಂಗವು ಈ ಸಭೆಯ ವೃತ್ತಾಂತವನ್ನು ಓದುವಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತದೆ. ಅಲ್ಲಿ ದೂರು ಬಂದ ಮೇಲೆ ಎಣಿಕೆ; ಇಲ್ಲಿ ದೂರಿಗೆ ಮುಂಚೆಯೇ ಎಣಿಕೆ.

ರಂಗಾಚಾರ್ಲು ಅವರ ಭಾಗಕ್ಕೆ ಅಂಥ ಸಭೆಗಳು ಎರಡೇ ಲಭಿಸಿದುವು. 1882ರ ದಸರೆಯ ಸಭೆಯಾದ ಕೆಲವು ತಿಂಗಳಲ್ಲಿಯೇ, 1883ನೆಯ ಜನವರಿ 20ರಂದು, ಅವರು ಮದರಾಸಿನಲ್ಲಿ ದೇಹವನ್ನು ಬಿಟ್ಟರು. ದಿವಾನಗಿರಿಗೆ ಬಂದು ಇಪ್ಪತ್ತೆರಡು ತಿಂಗಳು ಕೂಡ ತುಂಬಿರಲಿಲ್ಲ. ಅವರು ತೊಡಗಿದ ಲೆಕ್ಕವು ತುಂಬುವುದನ್ನು ಅವರು ಕಾಣಲಿಲ್ಲ. ತಡೆಹಿಡಿದಿದ್ದ ಹೆಚ್ಚಿನ ಪೊಗದಿಯನ್ನು ಮತ್ತೆ ಹತ್ತು ವರ್ಷ ಮುಂದೂಡಿದುದರಿಂದ 1896ರವರೆಗೆ ರಾಜ್ಯಕ್ಕೆ ಉಸಿರಾಡುವ ಬಿಡುವು ಸಿಕ್ಕಿತು; ಅಷ್ಟರಲ್ಲಿ ಶೇಷಾದ್ರಿ ಅಯ್ಯರವರು ಹುಟ್ಟುವಳಿಯನ್ನು ಬೆಳೆಯಿಸಿ ಬೊಕ್ಕಸವನ್ನು ತುಂಬಿಸಿದರು.

ಅವರ ಸ್ಮಾರಕವಾಗಿ ಮೈಸೂರಿನಲ್ಲಿ ಎದ್ದ ಮಂದಿರಕ್ಕೆ 1884ರಲ್ಲಿ ಚಾಮರಾಜೇಂದ್ರ ಒಡೆಯರು ಅಡಿಗಲ್ಲನ್ನಿಟ್ಟರು. ರಂಗಾಚಾರ್ಲು ಪುರಭವನವೆಂಬ ಹೆಸರಿನಿಂದ ಅದು ಇಂದಿಗೂ ನಿಂತಿದೆ. ಪ್ರಜಾಪ್ರತಿನಿಧಿ ಸಭೆಯು 1949ರವರೆಗೆ ನಡೆದು, ಪ್ರಜಾರಾಜ್ಯದ ಹೊಸ ಏರ್ಪಾಡುಗಳಿಗೆ ಎಡೆಮಾಡಿಕೊಟ್ಟು ನಿಂತಿತು.