ಡೋನಾವೂರಿನ ಅಮ್ಮಾ: ಐರ್ಲೆಂಡಿನಿಂದ ಬಂದು ಮಕ್ಕಳ ನಡುವೆ ಉಳಿದ ಏಮಿ ಕಾರ್ಮೈಕಲ್

ತಮಿಳುನಾಡಿನ ದಕ್ಷಿಣ ತುದಿಯ ತಿರುನೆಲ್ವೇಲಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಬುಡಕ್ಕೆ ಡೋನಾವೂರು ಎಂಬ ಹಳ್ಳಿಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಚರ್ಚು ಕಟ್ಟಲು ಹಣ ಕೊಟ್ಟ ಡೋನಾ ಎಂಬ ಜರ್ಮನ್ ಶ್ರೀಮಂತನ ಹೆಸರಿಗೆ ತಮಿಳಿನ ಊರು ಸೇರಿಕೊಂಡು ಈ ಹೆಸರಾಯಿತು. ಎರಡು ಭಾಷೆಯ ನಡುವೆ ಬದುಕುವ ಗಡಿನಾಡಿನವರಿಗೆ ಇಂಥ ಬೆರಕೆ ಹೆಸರುಗಳು ಹೊಸತಲ್ಲ. ಈ ಊರಿನಲ್ಲಿ ಅರ್ಧ ಶತಮಾನ ಮಕ್ಕಳನ್ನು ಸಾಕಿ, ಇಲ್ಲಿಯೇ ಮಣ್ಣಾದವರು ಏಮಿ ಕಾರ್ಮೈಕಲ್. 1895ರಲ್ಲಿ ಭಾರತಕ್ಕೆ ಬಂದ ಅವರು 1951ರಲ್ಲಿ ತೀರಿಕೊಳ್ಳುವವರೆಗೆ ಒಮ್ಮೆಯೂ ತಾಯ್ನಾಡಿಗೆ ಹಿಂತಿರುಗಲಿಲ್ಲ.

ಉತ್ತರ ಐರ್ಲೆಂಡಿನ ಸಮುದ್ರ ದಂಡೆಯ ಮಿಲ್ಲಿಸ್ಲ್ ಎಂಬ ಊರಿನಲ್ಲಿ 1867ರ ಡಿಸೆಂಬರ್ 16ರಂದು ಅವರು ಹುಟ್ಟಿದರು. ಏಳು ಮಕ್ಕಳಲ್ಲಿ ಹಿರಿಯಳು. ಮನೆತನದವರದ್ದು ಹಿಟ್ಟಿನ ಗಿರಣಿ, ಮೊದಲಿಗೆ ಅನುಕೂಲಸ್ಥರೇ. 1885ರಲ್ಲಿ ತಂದೆ ತೀರಿಕೊಂಡಾಗ ತಮ್ಮ ತಂಗಿಯರ ಭಾರ ತಾಯಿಯ ಜೊತೆ ಹಿರಿಯ ಮಗಳ ಹೆಗಲಿಗೂ ಬಂತು. ಬೆಲ್‌ಫಾಸ್ಟ್ ಪಟ್ಟಣದ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹುಡುಗಿಯರಿಗೆ ಟೋಪಿ ಕೊಳ್ಳಲೂ ಕಾಸಿರಲಿಲ್ಲ. ತಲೆಗೆ ಶಾಲು ಹೊದ್ದು ಬರುವ ಅವರು ಚರ್ಚಿನ ಸಭ್ಯಸ್ಥರ ಕಣ್ಣಿಗೆ ಕಿರಿಕಿರಿಯಾಗಿದ್ದರು. ಏಮಿ ಅವರನ್ನೇ ಸೇರಿಸಿ ಪಾಠ ಹೇಳತೊಡಗಿದರು. ಸಂಖ್ಯೆ ಬೆಳೆದಾಗ 1889ರಲ್ಲಿ ತಗಡಿನ ದೊಡ್ಡ ಸಭಾಂಗಣವೊಂದು ಎದ್ದಿತು. ಯಾರೂ ಕರೆಯದ ಕಡೆ ಕೆಲಸ ಹುಡುಕಿಕೊಳ್ಳುವ ಗುಣ ಅಲ್ಲಿಯೇ ಕಾಣುತ್ತದೆ.

ಅವರ ಆರೋಗ್ಯ ಮಾತ್ರ ಆಗಲೇ ಕೆಟ್ಟಿತ್ತು. ನರದ ನೋವು ಬಂದರೆ ವಾರಗಟ್ಟಲೆ ಹಾಸಿಗೆ. ಚೀನಾಕ್ಕೆ ಹೋಗಬೇಕೆಂದರೆ ಅನಾರೋಗ್ಯದ ಕಾರಣಕ್ಕೆ ಬೇಡವೆಂದರು. 1893ರಲ್ಲಿ ಜಪಾನಿಗೆ ಹೋದರು. ಅಲ್ಲಿ ಕಾಯಿಲೆ ಬಿದ್ದಿದ್ದ ಮುದುಕಿಯೊಬ್ಬಳ ಹತ್ತಿರ ಕೂತು ಮಾತಾಡುತ್ತಿದ್ದಾಗ, ಮಾತಿಗೆ ಕಿವಿಗೊಟ್ಟಿದ್ದ ಆಕೆಯ ಗಮನ ಏಮಿಯ ಕೈಯ ತುಪ್ಪಳದ ಗವಸಿನ ಮೇಲೆ ಹೋಯಿತು, ಮಾತು ಅಲ್ಲಿಗೇ ನಿಂತಿತು. ಮನೆಗೆ ಬಂದವರೇ ಏಮಿ ಇಂಗ್ಲಿಷ್ ಉಡುಪು ತೆಗೆದಿಟ್ಟು ಜಪಾನಿನ ಕಿಮೋನೋ ತೊಟ್ಟರು. ಮುಂದೆ ಸೀರೆ ಉಟ್ಟದ್ದೂ ಈ ಪಾಠದಿಂದಲೇ. ಜಪಾನಿನ ಹವೆ ಒಗ್ಗಲಿಲ್ಲ, ಒಂದೂಕಾಲು ವರ್ಷಕ್ಕೆ ಅಲ್ಲಿಂದ ಹೊರಟರು.

1895ರ ನವೆಂಬರಿನಲ್ಲಿ ಅವರು ಇಳಿದದ್ದು ನಮ್ಮ ಬೆಂಗಳೂರಿನಲ್ಲಿ. ಹೆಂಗಸರಿಗಾಗಿ ನಡೆಯುತ್ತಿದ್ದ ಜನಾನಾ ಆಸ್ಪತ್ರೆಯ ಕೆಲಸಕ್ಕೆ ಬಂದಿದ್ದರು. ಬರುತ್ತಿದ್ದಂತೆ ಡೆಂಗೆ ಜ್ವರ ಹಿಡಿಯಿತು. ಆದರೆ ಜ್ವರಕ್ಕಿಂತ ಅವರನ್ನು ಕಾಡಿದ್ದು ದಂಡು ಪ್ರದೇಶದ ಬಿಳಿಯರ ಜೀವನ. ಚಹಾ ಕೂಟ, ಭೇಟಿ ಮರುಭೇಟಿ, ಆಳುಕಾಳು, ತಮ್ಮತಮ್ಮಲ್ಲೇ ಹರಟೆ. ಜನರ ಭಾಷೆ ಬಾರದೆ ಜನರ ಸೇವೆ ಎಂಥದ್ದು ಎಂಬ ಪ್ರಶ್ನೆ ಅವರದ್ದು. ತಮಿಳು ಚೆನ್ನಾಗಿ ಬಲ್ಲ ಥಾಮಸ್ ವಾಕರ್ ಎಂಬ ಪಾದ್ರಿ ಕಲಿಸಲು ಒಪ್ಪಿದ್ದರಿಂದ 1896ರಲ್ಲಿ ತಿರುನೆಲ್ವೇಲಿ ಸೀಮೆಗೆ ಹೋದರು. ಬೆಂಗಳೂರಿನ ನಂಟು ಅಲ್ಲಿಗೆ ಮುಗಿಯಿತು.

ಮೊದಲ ಐದು ವರ್ಷ ಅವರದ್ದು ಊರೂರು ಸುತ್ತುವ ಕೆಲಸ. ಎತ್ತಿನ ಗಾಡಿಯಲ್ಲಿ ಕೆಲವು ತಮಿಳು ಹೆಂಗಸರ ಜೊತೆ ಹಳ್ಳಿಗೆ ಹೋಗುವುದು, ಧರ್ಮ ಬೋಧಿಸುವುದು. ಈ ಗುಂಪಿನಲ್ಲಿದ್ದ ಪೊನ್ನಮ್ಮಾಳ್ ಎಂಬ ಎಳೆ ವಯಸ್ಸಿನ ವಿಧವೆ ಮುಂದೆ ಅವರ ಬಲಗೈ ಆದರು. ಮಕ್ಕಳನ್ನು ಸಾಕುವ ಯೋಚನೆಯೇ ಆಗ ಏಮಿ ಅವರಿಗೆ ಇರಲಿಲ್ಲ. ಊರಿನವರಿಗೂ ಈ ಬಿಳಿ ಹೆಂಗಸಿನ ಮೇಲೆ ನಂಬಿಕೆ ಇರಲಿಲ್ಲ. ಮಂತ್ರದ ಪುಡಿ ಹಾಕಿ ಮಕ್ಕಳನ್ನು ಹಿಡಿಯುವ ಅಮ್ಮಾಳ್ ಈಕೆ ಎಂದು ಹೇಳಿ ಮಕ್ಕಳನ್ನು ಹೆದರಿಸುತ್ತಿದ್ದರು.

ವಿಚಿತ್ರವೆಂದರೆ ಆ ಮಾತೇ ಒಂದು ಮಗುವಿಗೆ ದಾರಿ ತೋರಿಸಿತು. ಪೆರುಂಗುಳಂ ಎಂಬ ಊರಿನಲ್ಲಿ ಪ್ರೀನಾ ಎಂಬ ಏಳು ವರ್ಷದ ಹುಡುಗಿಯನ್ನು ದೇವಸ್ಥಾನದ ಹೆಂಗಸರ ಮನೆಯಲ್ಲಿ ಬಿಟ್ಟಿದ್ದರು. ತಮಿಳಿನಲ್ಲಿ ಪೊಟ್ಟು ಕಟ್ಟುವುದು ಎನ್ನುತ್ತಾರೆ. ನಮ್ಮ ಕಡೆ ಮುತ್ತು ಕಟ್ಟುವುದು, ಬಸವಿ ಬಿಡುವುದು ಎಂದರೆ ಗಡಿಯ ಎರಡೂ ಬದಿಯ ಹಿರಿಯರಿಗೆ ಬೇರೆ ವಿವರಣೆ ಬೇಕಿಲ್ಲ. ಆ ಮಗು ಒಮ್ಮೆ ತಪ್ಪಿಸಿಕೊಂಡು ತೂತ್ತುಕುಡಿಗೆ ತಾಯಿಯ ಹತ್ತಿರ ಓಡಿ ಹೋಗಿತ್ತು. ತಾಯಿಯೇ ಹಿಂದಕ್ಕೆ ಒಪ್ಪಿಸಿದಳು. ಶಿಕ್ಷೆಯಾಗಿ ಕೈಗೆ ಬರೆ ಎಳೆದರು. 1901ರ ಮಾರ್ಚಿನಲ್ಲಿ ಮತ್ತೆ ಓಡಿತು. ಈ ಸಲ ಮಕ್ಕಳ ಹಿಡಿಯುವ ಅಮ್ಮಾಳನ್ನೇ ಹುಡುಕಿಕೊಂಡು. ಪಣ್ಣೈವಿಳೈ ಊರಿನಿಂದ ದೂರವಿದ್ದ ಏಮಿ ಅದೇ ಹೊತ್ತಿಗೆ ಮರಳಿ ಬಂದಿದ್ದರು. ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳು ಮಗುವನ್ನು ರಾತ್ರಿ ಮನೆಯಲ್ಲಿ ಇಟ್ಟುಕೊಂಡು, ಬೆಳಿಗ್ಗೆ ಏಮಿ ಚಹಾ ಕುಡಿಯುತ್ತಿದ್ದಾಗ ಕರೆತಂದಳು. ಮಗು ನೇರ ಬಂದು ತೊಡೆಯ ಮೇಲೆ ಕೂತುಬಿಟ್ಟಿತು, ಇಲ್ಲಿಯೇ ಇರುತ್ತೇನೆಂದಿತು. ಕರೆದೊಯ್ಯಲು ಬಂದವರು ಬಾಗಿಲಲ್ಲಿ ಕೂಗಾಡಿದರೂ ಮಗು ಕದಲಲಿಲ್ಲ.

ಅಲ್ಲಿಂದ ಏಮಿ ಅವರ ಬದುಕು ತಿರುಗಿತು. ಸೀರೆ ಉಟ್ಟು, ಕೈ ಮುಖಕ್ಕೆ ಕಾಫಿಯ ಬಣ್ಣ ಬಳಿದುಕೊಂಡು ದೇವಸ್ಥಾನದ ಪರಿಸರದಲ್ಲಿ ವಿಷಯ ಸಂಗ್ರಹಿಸಲು ಹೋಗುತ್ತಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಚಿಕ್ಕಂದಿನಲ್ಲಿ ಅವರು ತಾಯಿಯಂತೆ ತನಗೂ ನೀಲಿ ಕಣ್ಣು ಕೊಡೆಂದು ರಾತ್ರಿ ಪ್ರಾರ್ಥಿಸಿ, ಬೆಳಿಗ್ಗೆ ಕನ್ನಡಿ ನೋಡಿ ಅತ್ತಿದ್ದರಂತೆ. ಕಂದು ಕಣ್ಣು ಈಗ ಕೆಲಸಕ್ಕೆ ಬಂತು.

1904ರಲ್ಲಿ ಹಸುಗೂಸುಗಳು ಬರತೊಡಗಿದವು. ಆ ವರ್ಷದ ಜೂನ್ ಹೊತ್ತಿಗೆ 17 ಮಕ್ಕಳು. 1913ರ ಹೊತ್ತಿಗೆ 130. ಓದುವಾಗ ಸಂಖ್ಯೆ ಮಾತ್ರ ಕಾಣುತ್ತದೆ. ತಾಯಿ ಹಾಲಿಲ್ಲದ ಹದಿನೈದು ದಿನದ ಕೂಸನ್ನು ಬೇಸಿಗೆಯಲ್ಲಿ, ಹತ್ತಿರದಲ್ಲಿ ವೈದ್ಯರಿಲ್ಲದ ಹಳ್ಳಿಯಲ್ಲಿ ಉಳಿಸುವುದು ಏನೆಂದು ಮಕ್ಕಳನ್ನು ಹೆತ್ತು ಸಾಕಿದವರಿಗೆ ಗೊತ್ತು. ಬೇರೆ ಜಾತಿಯ ಮಗುವಿಗೆ ಹಾಲೂಡುವ ಹೆಂಗಸು ಸಿಗುತ್ತಿರಲಿಲ್ಲ. ಪರದೇಶದ ಡಬ್ಬಿಯ ಪುಡಿ, ಹಸುವಿನ ಹಾಲು, ಕುದಿಸಿದ ನೀರು, ಇವುಗಳ ಹದ ತಪ್ಪಿದರೆ ಬೇಧಿ. 1905ರ ಆರಂಭದಲ್ಲಿಯೇ ಕೆಲವು ಕೂಸುಗಳು ಕೈಬಿಟ್ಟವು. ಆಮೇಲೆ ತಿರುವಾಂಕೂರು ಸೀಮೆಯ ನೆಯ್ಯೂರಿನಲ್ಲಿ ಮಿಷನ್ ಆಸ್ಪತ್ರೆಯ ಹತ್ತಿರ ಶಿಶುಗಳ ಮನೆ ಮಾಡಿ ಪೊನ್ನಮ್ಮಾಳ್ ಅವರನ್ನು ಇಟ್ಟರು. ಅಲ್ಲಿಯೂ ರಕ್ತಬೇಧಿ ಹಬ್ಬಿ ಹಲವು ಶಿಶುಗಳು ಹೋದವು. ಪೊನ್ನಮ್ಮಾಳ್ 1915ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಡೋನಾವೂರಿನ ಕಥೆಯಲ್ಲಿ ಬಿಳಿಯರ ಹೆಸರೇ ಮುಂದೆ ಬರುತ್ತದೆ. ಆದರೆ ರಾತ್ರಿಯಿಡೀ ಕೂಸು ಎತ್ತಿಕೊಂಡು ಓಡಾಡಿದ ಕೈಗಳಲ್ಲಿ ಹೆಚ್ಚಿನವು ತಮಿಳು ಹೆಂಗಸರವು.

ಆ ಹೆಂಗಸರನ್ನು ಹೊಂದಿಸುವುದೂ ಸುಲಭವಿರಲಿಲ್ಲ. ಓದು ಬರಹ ಕಲಿತ ಕ್ರೈಸ್ತ ಹೆಂಗಸರಿಗೂ ಬೈಬಲ್ ಬೋಧಿಸುವುದು ಗೌರವದ ಕೆಲಸ, ಕೂಸಿನ ಬಟ್ಟೆ ಒಗೆಯುವುದು ಕೀಳು ಕೆಲಸ. ಪೊನ್ನಮ್ಮಾಳ್ ಮೊದಲು ತಾವೇ ಒಗೆಯಲು ಕೂತರು, ನಂತರ ಉಳಿದವರು ಬಂದರು. ಏಮಿ ಅವರಿಗೂ ಇದೇ ಅಳುಕು ಇತ್ತು. ಊರೂರು ಸುತ್ತಿ ಬೋಧಿಸಬೇಕಾದ ತಾನು ಮಕ್ಕಳ ಉಗುರು ಕತ್ತರಿಸುತ್ತಾ ದಿನ ಕಳೆಯಬಹುದೇ ಎಂದು ಯೋಚಿಸಿದರು. ಹೊರಗಿನ ಮಿಷನರಿಗಳೂ ಪ್ರತಿಭೆ ಹಾಳಾಯಿತೆಂದೇ ಹೇಳಿದರು. ಅವರು ಉಗುರು ಕತ್ತರಿಸುವುದನ್ನು ಬಿಡಲಿಲ್ಲ.

ಡೋನಾವೂರಿನ ದಿನಚರಿ ಹೀಗಿತ್ತು. ಒಂದೊಂದು ಸಣ್ಣ ಮನೆಗೆ ಒಂದಷ್ಟು ಮಕ್ಕಳು, ಅವರ ಜೊತೆಗೆ ಒಬ್ಬ ಅಕ್ಕಾ. ಪರದೇಶದಿಂದ ಬಂದ ಹೆಂಗಸರಿಗೆ ಸಿತ್ತಿ, ಎಂದರೆ ಚಿಕ್ಕಮ್ಮ. ಗಂಡಸರಿಗೆ ಅಣ್ಣಾಚ್ಚಿ. ಏಮಿ ಎಲ್ಲರಿಗೂ ಅಮ್ಮಾ. ಮೇಡಂ ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಗುಡಿಸುವುದು, ನೀರು ಹೊರುವುದು, ಅಕ್ಕಿ ಆರಿಸುವುದು, ಎಳೆಯ ಮಕ್ಕಳನ್ನು ನೋಡಿಕೊಳ್ಳುವುದರಲ್ಲಿ ದೊಡ್ಡ ಮಕ್ಕಳಿಗೂ ಪಾಲು. ಮಕ್ಕಳ ಮೈಮೇಲೆ ಬಣ್ಣಬಣ್ಣದ ಬಟ್ಟೆ, ಕೆಲಸದವರಿಗೆ ನೀಲಿ ಸೀರೆ. ಎಷ್ಟೋ ಮಕ್ಕಳ ಹುಟ್ಟಿದ ದಿನ ಯಾರಿಗೂ ತಿಳಿಯದು. ಅದಕ್ಕೆ ಮಗು ಡೋನಾವೂರಿಗೆ ಬಂದ ದಿನವನ್ನೇ ಹಬ್ಬ ಮಾಡುತ್ತಿದ್ದರು. ಗಿಡ, ಹಕ್ಕಿ, ಹುಳುಗಳನ್ನು ತೋರಿಸಿಯೇ ಪಾಠ. ಹಾಡುಗಳನ್ನು ಅವರೇ ಕಟ್ಟಿ ಕಲಿಸುತ್ತಿದ್ದರು. 1917ರಲ್ಲಿ ಘಟ್ಟದ ಕಾಡಿನಲ್ಲಿ ಜಾಗ ಕೊಂಡು, ಬಿಸಿಲ ಕಾಲದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಹೊಳೆಯ ಮಡುವಿನಲ್ಲಿ ತಾವೂ ಇಳಿದು ಈಜುತ್ತಿದ್ದರು. ಆಗ ಅವರಿಗೆ ಐವತ್ತು ವರ್ಷ. 1918ರಿಂದ ಗಂಡು ಮಕ್ಕಳನ್ನೂ ತೆಗೆದುಕೊಳ್ಳತೊಡಗಿದರು. ಸಂಬಳ ಯಾರಿಗೂ ಇಲ್ಲ. ಸಾಲ ಮಾಡುವಂತಿಲ್ಲ, ಹಣಕ್ಕಾಗಿ ಕೈಚಾಚುವಂತಿಲ್ಲ. ಬಂದದ್ದರಲ್ಲಿ ನಡೆಯಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಬೆಲೆ ಏರಿದಾಗಲೂ ಈ ನಿಯಮ ಸಡಿಲಿಸಲಿಲ್ಲ.

ಇದೆಲ್ಲ ಓದಿ ಅವರನ್ನು ಬರೀ ಮೃದು ಸ್ವಭಾವದವರು ಎಂದುಕೊಳ್ಳುವಂತಿಲ್ಲ. ಶಿಸ್ತು ಕಟ್ಟುನಿಟ್ಟು. ಸುಳ್ಳನ್ನು ಸಹಿಸುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡಲು ಬಂದ ಪರದೇಶದವರಲ್ಲಿ ಎಷ್ಟೋ ಜನ ಅವರ ಪಟ್ಟಿಗೆ ತಾಳಲಾರದೆ ಹೊರಟುಹೋದರು. ಮಕ್ಕಳು ಆವರಣದೊಳಗೇ ಬೆಳೆದು ಹೊರಗಿನ ಲೋಕಕ್ಕೆ ಅಪರಿಚಿತರಾದರೆಂಬ ಆಕ್ಷೇಪಕ್ಕೂ ಆಧಾರವಿದೆ. ಬಂದ ಮಕ್ಕಳೆಲ್ಲ ಕ್ರೈಸ್ತರಾಗಿಯೇ ಬೆಳೆದರು. ಈ ನೆಲದ ಧರ್ಮದ ಬಗ್ಗೆ ಅವರು ಬರೆದದ್ದು ಹಲವೆಡೆ ಕಟುವಾಗಿದೆ. ದೇವದಾಸಿಯರ ಮನೆಗಳಲ್ಲಿ ಉಳಿದುಬಂದಿದ್ದ ಸಂಗೀತ, ನೃತ್ಯದ ಪರಂಪರೆ ಅವರ ಕಣ್ಣಿಗೆ ಬೀಳಲಿಲ್ಲ. ಅತ್ತ ಅವರದೇ ಮಿಷನರಿ ವಲಯಕ್ಕೂ ಅವರು ಬೇಡವಾಗಿದ್ದರು. ಕೆಲಸದಲ್ಲಿನ ಸೋಲುಗಳನ್ನು ಮುಚ್ಚಿಡದೆ ಬರೆದ ಅವರ ಪುಸ್ತಕ 1903ರಲ್ಲಿ ಪ್ರಕಟವಾದಾಗ, ಇಷ್ಟು ಕತ್ತಲೆ ತೋರಿಸಬಾರದಿತ್ತೆಂದು ಹಲವರು ಮುನಿದರು. ಅವರನ್ನು ಭಾರತದಿಂದಲೇ ಕಳಿಸಬೇಕೆಂಬ ಮಾತೂ ಎದ್ದಿತ್ತು.

ಎಲ್ಲಕ್ಕಿಂತ ದೊಡ್ಡ ತೊಡಕು ನ್ಯಾಯಾಲಯದ್ದು. ತಪ್ಪಿಸಿಕೊಂಡು ಬಂದ ಮಗು ಕಾನೂನಿನ ಪ್ರಕಾರ ತಾಯಿ ಅಥವಾ ಪೋಷಕರದ್ದು. ಇಟ್ಟುಕೊಂಡರೆ ಅಪಹರಣದ ಆರೋಪ, ಕಳಿಸಿದರೆ ಮಗುವಿನ ಗತಿ ಗೊತ್ತೇ ಇದೆ. ಒಂದು ಹುಡುಗಿಯ ವಿಷಯ ಕೋರ್ಟು ಹತ್ತಿ, 1911ರಲ್ಲಿ ಆಕೆಯನ್ನು ಹಿಂದಿರುಗಿಸಬೇಕು, ಖರ್ಚನ್ನೂ ತುಂಬಿಕೊಡಬೇಕು ಎಂದು ಏಮಿ ವಿರುದ್ಧ ತೀರ್ಪಾಯಿತು. ಒಪ್ಪಿಸುವ ಮೊದಲೇ ಹುಡುಗಿ ಕಾಣೆಯಾದಳು. ಯಾರೋ ಆಕೆಗೆ ಮುಸ್ಲಿಂ ಹುಡುಗನ ವೇಷ ಹಾಕಿ ಸಾಗಿಸಿದ್ದರು. ಸಿಂಹಳ ದಾಟಿ ಚೀನಾ ಸೇರಿದ್ದಳು. ಇದು ಏಮಿ ಅವರಿಗೆ ಆಮೇಲೆ ತಿಳಿಯಿತೆಂದು ಜೀವನಚರಿತ್ರೆಗಳು ಹೇಳುತ್ತವೆ. ಇನ್ನೊಂದು ಮಗುವಿನ ಪ್ರಕರಣದಲ್ಲಿ ಅವರಿಗೆ ಜೈಲು ಶಿಕ್ಷೆಯೇ ಆಗುವ ಸಂಭವವಿತ್ತು. ಅದು 1914ರ ಫೆಬ್ರವರಿಯಲ್ಲಿ ವಜಾ ಆಯಿತು. ಬ್ರಿಟಿಷ್ ಪ್ರಜೆ, ಬ್ರಿಟಿಷ್ ಕೋರ್ಟು, ಆದರೂ ಬಿಳಿ ಬಣ್ಣ ಅವರನ್ನು ಕಾಯಲಿಲ್ಲ. ಕಾನೂನು ಮೀರುವುದು ಸರಿಯೇ ಎಂಬುದಕ್ಕೆ ಎರಡು ಉತ್ತರ ಸಾಧ್ಯ. ಎರಡನ್ನೂ ಹೇಳುವವರು ಮಗುವಿನ ಕೈಯ ಬರೆಯನ್ನು ಒಮ್ಮೆ ನೆನೆಯಬೇಕು.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಘೋಷಿಸಿತು. ಬೇಡವೆಂದು ಬರೆದರು. ಹಿರಿಯರ ಒತ್ತಾಯಕ್ಕೆ ಒಪ್ಪಿದರೂ ಮದ್ರಾಸಿನ ಸಮಾರಂಭಕ್ಕೆ ಹೋಗಲಿಲ್ಲ. 1927ರಲ್ಲಿ ಡೋನಾವೂರ್ ಫೆಲೋಶಿಪ್ ಎಂಬ ಹೆಸರಿನಲ್ಲಿ ಸಂಸ್ಥೆ ನೋಂದಣಿಯಾಯಿತು, ಬಳಿಕ ಆಸ್ಪತ್ರೆಯೂ ಎದ್ದಿತು.

ದೇವದಾಸಿ ಪದ್ಧತಿ ನಿಲ್ಲಿಸಿದವರು ಏಮಿ ಎಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ಮೈಸೂರು ಸಂಸ್ಥಾನದಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿಯೇ ದೇವಸ್ಥಾನದ ಈ ಸೇವೆಗೆ ತಡೆ ಬಂದಿತ್ತು. ಮದ್ರಾಸ್ ಪ್ರಾಂತದಲ್ಲಿ ಶಾಸಕಾಂಗದೊಳಗೆ ಹೋರಾಡಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರ ತಾಯಿಯೇ ದೇವದಾಸಿ ಮನೆತನದವರು. ಆಶ್ರಯ ಕೇಳಿ ಬಂದ ಹುಡುಗಿಯರಿಗಾಗಿ ಅವರು 1930ರಲ್ಲಿ ಅವ್ವೈ ಇಲ್ಲಂ ತೆರೆದರು. ಮದ್ರಾಸಿನ ಕಾಯ್ದೆ 1947ರಲ್ಲಿ ಬಂತು. ಕರ್ನಾಟಕದ ಕಾಯ್ದೆ 1982ರದ್ದು, ಆಂಧ್ರದ್ದು 1988ರದ್ದು. ಗಡಿಯ ಒಂದು ಬದಿಗೆ ನಿಷೇಧ ಬಂದಾಗ ಮುತ್ತು ಕಟ್ಟಿಸಲು ಇನ್ನೊಂದು ಬದಿಗೆ ಹೋಗುತ್ತಿದ್ದದ್ದು ಗಡಿನಾಡಿನಲ್ಲಿ ಗುಟ್ಟೇನೂ ಆಗಿರಲಿಲ್ಲ. ಏಮಿ ಮಾಡಿದ್ದು ಕಾಯ್ದೆಯ ಕೆಲಸವಲ್ಲ, ಕಾಯ್ದೆ ಬರುವ ಮೊದಲು ಬಾಗಿಲಿಗೆ ಬಂದ ಮಗುವಿಗೆ ಊಟ ಹಾಕಿ ಮಲಗಿಸುವ ಕೆಲಸ.

1931ರ ಅಕ್ಟೋಬರ್ 24ರ ಸಂಜೆ, ಹತ್ತಿರದ ಕಳಕ್ಕಾಡಿನಲ್ಲಿ ಔಷಧಾಲಯಕ್ಕೆಂದು ಸಿದ್ಧವಾಗುತ್ತಿದ್ದ ಮನೆ ನೋಡಲು ಹೋದವರು ಮಬ್ಬುಗತ್ತಲಲ್ಲಿ ಪಾಯಿಖಾನೆಗೆ ತೋಡಿದ್ದ ಗುಂಡಿಗೆ ಬಿದ್ದರು. ಕಾಲು ಮುರಿಯಿತು, ಬೆನ್ನಿಗೂ ಪೆಟ್ಟಾಯಿತು. ಕೆಲವು ವಾರದಲ್ಲಿ ಏಳುತ್ತಾರೆಂದು ಎಲ್ಲರೂ ಭಾವಿಸಿದ್ದರು. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ ಕಳೆದರು. ಮಕ್ಕಳೇ ಕೋಣೆಗೆ ಬಂದು ಹೋಗುತ್ತಿದ್ದರು. ಯಾರಿಗೆ ಜ್ವರ, ಯಾರು ಜಗಳವಾಡಿದರು ಎಂಬುದು ಅವರಿಗೆ ತಿಳಿಯಬೇಕು. ಹಾಸಿಗೆಯಿಂದಲೇ ಚೀಟಿ ಬರೆದು ಕಳಿಸುತ್ತಿದ್ದರು. ಒಟ್ಟು ಮೂವತ್ತಕ್ಕೂ ಹೆಚ್ಚು ಪುಸ್ತಕ ಬರೆದರು, ಅದರಲ್ಲಿ ಹನ್ನೆರಡಕ್ಕೂ ಹೆಚ್ಚು ಬರೆದದ್ದು ಈ ಅವಧಿಯಲ್ಲಿ.

1951ರ ಜನವರಿ 18ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಸಂಸ್ಥೆಯನ್ನು ಈಗ ಭಾರತೀಯರೇ ನಡೆಸುತ್ತಿದ್ದಾರೆ. ತಮ್ಮ ಸಮಾಧಿಗೆ ಕಲ್ಲು ಬೇಡವೆಂದು ಏಮಿ ಮೊದಲೇ ಹೇಳಿದ್ದರು. ಮಕ್ಕಳು ಅಲ್ಲಿ ಹಕ್ಕಿಗಳಿಗೆ ನೀರು ಕುಡಿಯುವ ಕಲ್ಲಿನ ಬಾನಿಯೊಂದನ್ನು ಇಟ್ಟು, ಅದರ ಮೇಲೆ ಅಮ್ಮಾಯಿ ಎಂದಷ್ಟೇ ಬರೆಸಿದರು.