ಜೆಸ್ಸಿ ಓವೆನ್ಸ್: ಪದಕದ ನಂತರದ ಪಾಠ

ಬೋಧನಾಭ್ಯಾಸದ ಮೂರನೇ ವಾರ, ಶಾಲಾ ಕ್ರೀಡಾಕೂಟದ ಹಿಂದಿನ ದಿನ, ಎಂಟನೇ ತರಗತಿಯಲ್ಲಿ ನನಗೊಂದು ಬದಲಿ ಅವಧಿ ಸಿಕ್ಕಿತು. ನನ್ನ ವಿಷಯ ಗಣಿತ. ಆದರೂ ಅಂದು ಓಟಗಾರ ಜೆಸ್ಸಿ ಓವೆನ್ಸರ ಜೀವನ ಹೇಳಿದೆ.

ಅವರು 1913ರಲ್ಲಿ ಅಮೆರಿಕದ ಅಲಬಾಮಾದಲ್ಲಿ, ಕೋರು ಬೇಸಾಯ ಮಾಡುತ್ತಿದ್ದ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದರು. ಮನೆಯವರು ಕರೆಯುತ್ತಿದ್ದುದು ಜೆ.ಸಿ. ಎಂದು. ಕ್ಲೀವ್‌ಲ್ಯಾಂಡಿನ ಶಾಲೆಗೆ ಸೇರಿದಾಗ ಶಿಕ್ಷಕರ ಕಿವಿಗೆ ಅದು ಜೆಸ್ಸಿ ಎಂದು ಬಿತ್ತು. ಆ ಹೆಸರೇ ಉಳಿಯಿತು. ಚಾರ್ಲ್ಸ್ ರೈಲಿ ಎಂಬ ಇನ್ನೊಬ್ಬ ಶಿಕ್ಷಕರು, ಹುಡುಗ ಸಂಜೆ ಕೆಲಸಕ್ಕೆ ಹೋಗಬೇಕೆಂದು ತಿಳಿದು, ಬೆಳಿಗ್ಗೆ ಶಾಲೆಗೆ ಮುಂಚೆಯೇ ಓಟ ಕಲಿಸಿದರು.

ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ವಿದ್ಯಾರ್ಥಿವೇತನ ಸಿಗಲಿಲ್ಲ, ಹಾಸ್ಟೆಲಿನಲ್ಲಿ ಜಾಗವೂ ಇರಲಿಲ್ಲ. ದುಡಿದೇ ಓದಿದರು. 1935ರ ಮೇ 25ರಂದು ಆನ್ ಆರ್ಬರ್‌ನಲ್ಲಿ ಸುಮಾರು ಮುಕ್ಕಾಲು ಗಂಟೆಯಲ್ಲಿ ಒಂದು ವಿಶ್ವದಾಖಲೆ ಸರಿಗಟ್ಟಿ, ಮೂರನ್ನು ಮುರಿದರು. ಅಂದಿನ 8.13 ಮೀಟರ್ ಉದ್ದಜಿಗಿತ 25 ವರ್ಷ ದಾಖಲೆಯಾಗಿ ಉಳಿಯಿತು. 1936ರಲ್ಲಿ ಹಿಟ್ಲರನ ಬರ್ಲಿನ್‌ನಲ್ಲಿ 4 ಚಿನ್ನ ಗೆದ್ದರು.

ನನ್ನ ಪಾಠಯೋಜನೆ ಅಲ್ಲಿಗೆ ಮುಗಿದಿತ್ತು. ಗೆದ್ದು ಬಂದ ಮೇಲಾದರೂ ಅವರನ್ನು ಎಲ್ಲರಂತೆ ಕಂಡರೇ ಎಂದು ಹುಡುಗಿಯೊಬ್ಬಳು ಕೇಳಿದಳು. ನಾನು ತಡವರಿಸಿದೆ. ಓದಿಕೊಂಡು ಮುಂದಿನ ವಾರ ಉಳಿದದ್ದನ್ನು ಹೇಳಿದೆ.

ನ್ಯೂಯಾರ್ಕಿನ ಹೋಟೆಲಿನಲ್ಲಿ ತಮ್ಮ ಸನ್ಮಾನಕ್ಕೇ ಅವರು ಸರಕಿನ ಲಿಫ್ಟಿನಲ್ಲಿ ಹೋಗಬೇಕಾಯಿತು. ಹೊಟ್ಟೆಪಾಡಿಗೆ ಕುದುರೆಯೊಡನೆ ಪಂದ್ಯ ಓಡಿದರು. ಇಷ್ಟಾದರೂ, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನ ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕ ವೇದಿಕೆಯ ಮೇಲೆ ಮುಷ್ಟಿ ಎತ್ತಿ ವರ್ಣಭೇದವನ್ನು ಪ್ರತಿಭಟಿಸಿದಾಗ, ಒಲಿಂಪಿಕ್ ಸಮಿತಿಯ ಪರವಾಗಿ ಕಪ್ಪು ಆಟಗಾರರಿಗೆ ಬುದ್ಧಿ ಹೇಳಲು ಹೋದವರು ಓವೆನ್ಸರೇ. ಹುಡುಗರು ಒಪ್ಪಲಿಲ್ಲ. 1970ರ ಪುಸ್ತಕದಲ್ಲೂ ಅವರು ಅಂಥ ಹೋರಾಟವನ್ನು ಟೀಕಿಸಿದರು. ಎರಡೇ ವರ್ಷಕ್ಕೆ, 1972ರಲ್ಲಿ, ಇನ್ನೊಂದು ಪುಸ್ತಕ ಬರೆದು ತಮ್ಮ ನಿಲುವು ತಪ್ಪಾಗಿತ್ತೆಂದು ಒಪ್ಪಿಕೊಂಡರು. 1980ರಲ್ಲಿ ತೀರಿಕೊಂಡರು.

ಇದನ್ನು ಹೇಳುವಾಗ ನನಗೆ ನನ್ನದೇ ಒಂದು ಸಂಗತಿ ನೆನಪಾಯಿತು. ಕಾಲೇಜು ಕಬಡ್ಡಿ ತಂಡದೊಡನೆ ಬೇರೆ ಊರಿಗೆ ಹೋಗಿದ್ದಾಗ, ಊಟಕ್ಕೆ ಕರೆದ ಮನೆಯವರು ಜಾತಿ ಕೇಳಿ ನಮ್ಮ ರೈಡರ್‌ಗೆ ಮಾತ್ರ ಜಗುಲಿಯಲ್ಲಿ ಎಲೆ ಹಾಕಿದರು. ನಾಳೆ ಫೈನಲ್ ಇದೆ, ಗಲಾಟೆ ಬೇಡ ಎಂದು ನಾನು ಅವನಿಗೇ ಬುದ್ಧಿ ಹೇಳಿದ್ದೆ. ಮಕ್ಕಳ ಮುಂದೆ ಇದನ್ನು ಹೇಳಲು ಧೈರ್ಯ ಬರಲಿಲ್ಲ. ಆ ಗೆಳೆಯನಿಗೆ ಮಾತ್ರ ಸಂಜೆ ಫೋನ್ ಮಾಡಿದೆ.

ಸಾಧಕರ ಜೀವನವನ್ನು ನಾವು ಪದಕದ ಬಳಿ ನಿಲ್ಲಿಸಿಬಿಡುತ್ತೇವೆ. ಅವರು ತಪ್ಪಿದ್ದು, ತಿದ್ದಿಕೊಂಡದ್ದು ಕೂಡ ಪಾಠಯೋಜನೆಯಲ್ಲಿ ಇರಲಿ ಎಂಬುದು ಆ ಹುಡುಗಿಯ ಪ್ರಶ್ನೆಯಿಂದ ನಾನು ಕಲಿತದ್ದು.