ಸುಮ್ಮನೆ ನಿಂತವನಿಗೆ ದಂಡ ಯಾಕೆ? ಜುಡೊ ಕಟ್ಟಿದ ಜಿಗೊರೊ ಕಾನೊ ಬದುಕಲ್ಲಿ ಸಿಗೋ ಉತ್ತರ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 57 ಕೆ.ಜಿ. ಜುಡೊ ಫೈನಲ್. ಒಂದು ಕಡೆ ಕೆನಡಾದ ಕ್ರಿಸ್ಟಾ ಡೆಗುಚಿ, ಇನ್ನೊಂದು ಕಡೆ ದಕ್ಷಿಣ ಕೊರಿಯಾದ ಹುಹ್ ಮಿಮಿ. ನಾಲ್ಕು ನಿಮಿಷದಲ್ಲಿ ಫಲಿತಾಂಶ ಬರದೆ ಆಟ ಗೋಲ್ಡನ್ ಸ್ಕೋರ್‌ಗೆ ಹೋಯ್ತು. ಕೊನೆಗೆ ಚಿನ್ನ ಯಾರ ಪಾಲಾಯ್ತು ಅನ್ನೋದನ್ನ ತೀರ್ಮಾನಿಸಿದ್ದು ಒಂದು ಪಟ್ಟಲ್ಲ, ರೆಫರಿ ಎತ್ತಿದ ಕೈ. ಹುಹ್ ಮಾಡಿದ್ದು ತೋರಿಕೆಯ ದಾಳಿ ಅಂತ ಮೂರನೇ ಶಿದೊ ಬಿತ್ತು. ಶಿದೊ ಅಂದ್ರೆ ಜುಡೊದ ಸಣ್ಣ ದಂಡ. ಮೂರಾದರೆ ಸೋಲು. ಗೆದ್ದ ಡೆಗುಚಿಗೇ ಆ ಗೆಲುವಿನ ರೀತಿ ಹಿಡಿಸಲಿಲ್ಲ.

ಎಂಟು ವರ್ಷ ಹಿಂದಕ್ಕೆ ಹೋಗೋಣ. 2016ರ ರಿಯೊದಲ್ಲಿ ಪುರುಷರ ಹೆವಿವೇಟ್ ಫೈನಲ್. ಫ್ರಾನ್ಸ್‌ನ ದೈತ್ಯ ಟೆಡ್ಡಿ ರಿನೆರ್ ಮತ್ತು ಜಪಾನಿನ ಹಿಸಯೋಶಿ ಹರಸಾವಾ. ಅಲ್ಲೂ ಯಾರೂ ಯಾರನ್ನೂ ಎಸೆಯಲಿಲ್ಲ. ಹರಸಾವಾಗೆ ಎರಡು ಶಿದೊ, ರಿನೆರ್‌ಗೆ ಒಂದು. ಅಷ್ಟಕ್ಕೇ ಚಿನ್ನ. ಮುನ್ನಡೆ ಸಿಕ್ಕಮೇಲೆ ಹಿಡಿತಕ್ಕೇ ಸಿಗದೆ ಕಾಲ ತಳ್ಳಿದ ರಿನೆರ್‌ಗೆ ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು.

ಒಂದು ಕಡೆ ಆಡದೆ ತಪ್ಪಿಸಿಕೊಂಡವನು ಗೆದ್ದ. ಇನ್ನೊಂದು ಕಡೆ ದಾಳಿಗೆ ಹೋದವಳು, ಆ ದಾಳಿ ನಿಜವಲ್ಲ ಅನ್ನೋ ಕಾರಣಕ್ಕೆ ಸೋತಳು. ಹಾಗಾದ್ರೆ ರೆಫರಿ ಏನನ್ನ ನೋಡಬೇಕು? ರಕ್ಷಣೆ ಮಾಡಿಕೊಳ್ಳೋದೇ ತಪ್ಪಾ? ಇದಕ್ಕೆ ಉತ್ತರ ಹುಡುಕೋಕೆ ನಾನು ನಿಯಮದ ಪುಸ್ತಕಕ್ಕಿಂತ ಮೊದಲು ಈ ಆಟ ಕಟ್ಟಿದವನ ಬದುಕಿನ ಕಡೆ ತಿರುಗುತ್ತೇನೆ. ಯಾಕಂದ್ರೆ ಇದೇ ತಲೆನೋವು ಆತನಿಗೂ ಬಂದಿತ್ತು.

ಏಟು ತಿಂದ ಹುಡುಗ

ಜಿಗೊರೊ ಕಾನೊ ಹುಟ್ಟಿದ್ದು 1860ರಲ್ಲಿ, ಇವತ್ತಿನ ಕೋಬೆ ನಗರದ ಭಾಗವಾಗಿರೋ ಮಿಕಾಗೆಯಲ್ಲಿ. ಅಕ್ಕಿಯಿಂದ ಸಾಕೆ ಮದ್ಯ ತಯಾರಿಸೋ ಅನುಕೂಲಸ್ಥ ಮನೆತನ. ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಮಗನನ್ನ ಟೋಕಿಯೊಗೆ ಕರೆದೊಯ್ದು ಇಂಗ್ಲಿಷ್ ಕಲಿಸೋ ಶಾಲೆಗೆ ಸೇರಿಸಿದರು. ಓದಿನಲ್ಲಿ ಮುಂದೆ, ಮೈಯಲ್ಲಿ ಹಿಂದೆ. ದೊಡ್ಡವನಾದ ಮೇಲೂ ಎತ್ತರ ಐದಡಿ ಎರಡಂಗುಲದ ಆಸುಪಾಸು. ಹಾಸ್ಟೆಲ್‌ನ ದಾಂಡಿಗರು ಹೊಡೆದು ಬಡಿದು ಮಾಡ್ತಿದ್ದರು.

ಬಲವಿಲ್ಲದವನೂ ಬಲಶಾಲಿಯನ್ನ ಕೆಡವಬಹುದಾದ ವಿದ್ಯೆ ಜುಜುತ್ಸು ಅಂತ ಹುಡುಗನ ಕಿವಿಗೆ ಬಿದ್ದಿತ್ತು. ಆದರೆ ಕಲಿಸೋರು ಬೇಕಲ್ಲ? ಸಮುರಾಯ್ ಕಾಲ ಮುಗಿದಿತ್ತು. ಜಪಾನ್ ರೈಲು, ಟೆಲಿಗ್ರಾಫು, ಕೋಟು ಪ್ಯಾಂಟಿನ ಹಿಂದೆ ಬಿದ್ದಿತ್ತು. ಕೇಳಿದವರೆಲ್ಲ ಅದೆಲ್ಲ ಈಗ ಉಪಯೋಗವಿಲ್ಲ ಅಂದರು, ಅಪ್ಪನೂ ಒಪ್ಪಲಿಲ್ಲ. ಹೊಟ್ಟೆಪಾಡಿಗೆ ಮೂಳೆ ಕಟ್ಟೋ ವೈದ್ಯಕ್ಕೆ ಇಳಿದಿದ್ದ ಹಳೇ ಜುಜುತ್ಸು ಗುರುಗಳು ಇದ್ದಾರೆ ಅಂತ ತಿಳಿದ ಕಾನೊ ಊರಲ್ಲಿ ಮೂಳೆ ವೈದ್ಯರ ಬೋರ್ಡು ಹುಡುಕುತ್ತಾ ಅಲೆದ. 1877ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ ಸೇರಿದ ವರ್ಷವೇ ಫುಕುಡಾ ಹಚಿನೊಸುಕೆ ಅನ್ನೋ ಗುರು ಸಿಕ್ಕಿದರು.

ಈ ಗುರು ವಿವರಣೆ ಕೊಡೋ ಜಾತಿಯಲ್ಲ. ಈ ಪಟ್ಟು ಹೇಗೆ ಕೆಲಸ ಮಾಡುತ್ತೆ ಅಂತ ಶಿಷ್ಯ ಕೇಳಿದರೆ, ಉತ್ತರವಾಗಿ ಮತ್ತೆ ಮತ್ತೆ ಎತ್ತಿ ಎಸೆಯುತ್ತಿದ್ದರಂತೆ. ಇಂಜಿನಿಯರಿಂಗ್ ಓದಿದ ನನಗೆ ಕಾನೊ ಇಷ್ಟವಾಗೋದು ಇಲ್ಲೇ. ಮಷಿನ್ ಓಡುತ್ತೆ ಅಂತ ಗೊತ್ತಾದರೆ ಸಾಲದು, ಯಾಕೆ ಓಡುತ್ತೆ ಅಂತ ಬಿಚ್ಚಿ ನೋಡಲೇಬೇಕು ಅನ್ನೋ ಹಟ ಆತನದು.

ಅಲ್ಲಿ ಫುಕುಶಿಮಾ ಕನೆಕಿಚಿ ಅನ್ನೋ ಭಾರೀ ದೇಹದ ಹಿರಿಯ ಶಿಷ್ಯನಿದ್ದ. ಎಷ್ಟು ಸಲ ಹಿಡಿದರೂ ಕಾನೊ ಕೆಳಗೆ. ಕೊನೆಗೆ ಆತ ಸುಮೊ ಪಟ್ಟುಗಳನ್ನ ತಿರುವಿ ಹಾಕಿ, ಪಶ್ಚಿಮದ ಕುಸ್ತಿಯ ಪುಸ್ತಕವನ್ನೂ ಹುಡುಕಿ, ಎದುರಾಳಿಯನ್ನ ಹೆಗಲ ಮೇಲೆ ಹೊತ್ತು ಕೆಡವೋ ಪಟ್ಟು ಕಲಿತ. ಅದರಲ್ಲಿ ಫುಕುಶಿಮಾ ಬಿದ್ದ. ಮುಂದೆ ಅದು ಕಾಟಾ ಗುರುಮಾ ಅಂತ ಜುಡೊದೊಳಗೆ ಬಂತು. ವಿಪರ್ಯಾಸ ನೋಡಿ: ಕಾಲನ್ನ ಕೈಯಲ್ಲಿ ಹಿಡಿಯೋದನ್ನ ಅಂತಾರಾಷ್ಟ್ರೀಯ ಜುಡೊ 2010ರಿಂದ ಹಂತ ಹಂತವಾಗಿ ನಿಷೇಧಿಸಿತು. ಕಾಲು ಹಿಡಿದು ಹೊರುವ ಆ ಹಳೇ ರೂಪಕ್ಕೆ ಇವತ್ತು ಬೀಳೋದು ದಂಡ.

ಬಗ್ಗೋದು ಬೇರೆ, ಆಡದಿರೋದು ಬೇರೆ

ಫುಕುಡಾ ತೀರಿಕೊಂಡ ಮೇಲೆ ಕಾನೊ ಇಸೊ ಮಸತೊಮೊ ಹತ್ತಿರ, ಆಮೇಲೆ ಕಿಟೊ ಪಂಥದ ಈಕುಬೊ ತ್ಸುನೆತೊಶಿ ಹತ್ತಿರ ಕಲಿತ. ಈಕುಬೊಗೆ ಐವತ್ತು ದಾಟಿತ್ತು, ಆದರೂ ಯುವಕ ಕಾನೊನನ್ನ ಸಲೀಸಾಗಿ ಎಸೆಯುತ್ತಿದ್ದರು. ಒಂದು ದಿನ ಇದು ತಿರುವುಮುರುವಾಯ್ತು. ಗುರುವನ್ನ ಶಿಷ್ಯ ಮತ್ತೆ ಮತ್ತೆ ಎಸೆದ. ಕಾನೊ ಕಂಡುಕೊಂಡಿದ್ದು ಇಷ್ಟೇ: ತಳ್ಳಿದರೆ ಮನುಷ್ಯ ವಾಪಸ್ ತಳ್ಳುತ್ತಾನೆ, ಎಳೆದರೆ ಹಿಂದಕ್ಕೆ ಎಳೆಯುತ್ತಾನೆ. ಆ ಪ್ರತಿಕ್ರಿಯೆಯ ಕ್ಷಣದಲ್ಲೇ ಅವನ ಸಮತೋಲನ ತಪ್ಪುತ್ತೆ. ಮೊದಲು ತೂಕ ಕದಲಿಸು, ಆಮೇಲೆ ಪಟ್ಟು ಹಾಕು. ಇದಕ್ಕೆ ಕುಜುಶಿ ಅಂತ ಹೆಸರು.

ನಮ್ಮ ಪ್ರಶ್ನೆಗೆ ಇದು ಬಹಳ ಮುಖ್ಯ. ಜುಡೊದ ಜು ಅಂದ್ರೆ ಮೃದು, ಬಗ್ಗುವ ಗುಣ. ಎದುರಾಳಿ ನುಗ್ಗಿದಾಗ ಒಂದು ಹೆಜ್ಜೆ ಹಿಂದೆ ಹೋಗೋದು, ಅವನೇ ತೂಕ ಮುಂದೆ ಹಾಕಲಿ ಅಂತ ಕಾಯೋದು, ಇದೆಲ್ಲ ಕಾನೊ ವಿದ್ಯೆಯ ಹೊಟ್ಟೆಯೊಳಗೇ ಇದೆ. ಹೊರಗಿಂದ ನೋಡೋರಿಗೆ ಅದು ಸುಮ್ಮನಿದ್ದಂತೆ ಕಾಣಬಹುದು. ಹಿಂದೆ ಸರಿದವರಿಗೆಲ್ಲ ದಂಡ ಹಾಕಿದರೆ ಜುಡೊದ ಹೆಸರಿಂದ ಜು ಅನ್ನೋದನ್ನೇ ಕಿತ್ತುಹಾಕಿದ ಹಾಗೆ.

1882ರಲ್ಲಿ, ಇನ್ನೂ ಇಪ್ಪತ್ತೊಂದರ ಕಾನೊ, ಟೋಕಿಯೊದ ಐಶೊಜಿ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಒಂಬತ್ತು ಶಿಷ್ಯರೊಂದಿಗೆ ಕೊಡೊಕಾನ್ ಶುರುಮಾಡಿದ. ಅಪಾಯಕಾರಿ ಪಟ್ಟುಗಳನ್ನ ಅಭ್ಯಾಸದ ಜೋಡಿ ಪಂದ್ಯದಿಂದ ಹೊರಗಿಟ್ಟ. ಬೀಳೋದನ್ನ ಮೊದಲು ಕಲಿಸಿದ. ಹಾಗಾಗಿ ಇಬ್ಬರೂ ಪೂರ್ತಿ ಶಕ್ತಿ ಹಾಕಿ ಆಡಿ, ಇಬ್ಬರೂ ಎದ್ದು ಮನೆಗೆ ಹೋಗಬಹುದಿತ್ತು. 1883ರಲ್ಲಿ ಡಾನ್ ಶ್ರೇಣಿ ಕೊಡೋಕೆ ಶುರುಮಾಡಿದ. 1899ರಲ್ಲಿ ಸ್ಪರ್ಧೆಯ ನಿಯಮ ಬರೆಯೋ ಸಮಿತಿಯ ಮುಖ್ಯಸ್ಥನೂ ಆದ.

ವೃತ್ತಿಯಲ್ಲಿ ಕಾನೊ ಮೇಷ್ಟ್ರು. ಶಿಕ್ಷಕರನ್ನ ತಯಾರುಮಾಡೋ ಟೋಕಿಯೊದ ಉನ್ನತ ನಾರ್ಮಲ್ ಶಾಲೆಗೆ 1893ರಿಂದ 1920ರವರೆಗೆ, ನಡುವೆ ಬಿಡುವುಗಳೊಂದಿಗೆ, ಪ್ರಾಂಶುಪಾಲ. ಚೀನೀ ವಿದ್ಯಾರ್ಥಿಗಳಿಗೆ ಆತ ನಡೆಸಿದ ಶಾಲೆಯಲ್ಲಿ ಮುಂದೆ ದೊಡ್ಡ ಲೇಖಕನಾದ ಲೂ ಶುನ್ ಕೂಡ ಓದಿದ. 1909ರಲ್ಲಿ ಕಾನೊ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಏಷ್ಯನ್ ಸದಸ್ಯನಾದ. 1912ರ ಸ್ಟಾಕ್‌ಹೋಮ್‌ಗೆ ಜಪಾನಿನ ಮೊದಲ ಇಬ್ಬರು ಓಟಗಾರರನ್ನ ಕರೆದೊಯ್ದಿದ್ದೂ ಈತನೇ.

ಡ್ರಾ ಮಾಡೋದೇ ಕೆಲಸ

ಈಗ ಅಸಲಿ ಕಥೆ. 1914ರಿಂದ ಕ್ಯೋಟೊ ಇಂಪೀರಿಯಲ್ ವಿಶ್ವವಿದ್ಯಾಲಯ ಹೈಸ್ಕೂಲು, ಕಾಲೇಜುಗಳ ನಡುವೆ ಜುಡೊ ಪಂದ್ಯಾವಳಿ ಶುರುಮಾಡಿತು. ಇದಕ್ಕೆ ಕೋಸೆನ್ ಜುಡೊ ಅಂತ ಹೆಸರು. ತಂಡಗಳ ನಡುವಿನ ಆಟ. ಗೆದ್ದವನು ಅಖಾಡದಲ್ಲೇ ಉಳಿದು ಮುಂದಿನ ಎದುರಾಳಿ ಜೊತೆ ಆಡಬೇಕು. ಡ್ರಾ ಆದರೆ ಇಬ್ಬರೂ ಹೊರಗೆ.

ಈ ಲೆಕ್ಕ ಏನು ಮಾಡ್ತು ನೋಡಿ. ಎದುರು ತಂಡದ ಹುಲಿಯಂಥವನನ್ನ ಗೆಲ್ಲೋ ಅಗತ್ಯವೇ ಇಲ್ಲ. ನಮ್ಮ ಸಾಧಾರಣ ಹುಡುಗ ಅವನ ಕಾಲಿಗೋ ಸೊಂಟಕ್ಕೋ ಅಂಟಿಕೊಂಡು ಡ್ರಾ ಮಾಡಿಸಿದರೆ ಹುಲಿಯೂ ಔಟ್. ಹಾಗಾಗಿ ಡ್ರಾ ಮಾಡೋದಕ್ಕೇ ಅಂತ ತರಬೇತಿ ಪಡೆದವರು ಹುಟ್ಟಿಕೊಂಡರು. ನೇರವಾಗಿ ನೆಲಕ್ಕೆ ಎಳೆದುಕೊಂಡು ಹೋಗೋದಕ್ಕೂ ಅನುಮತಿ ಇತ್ತು. ನೆಲದ ಪಟ್ಟಲ್ಲಿ ಕಷ್ಟಪಟ್ಟರೆ ಎರಡು ಮೂರು ವರ್ಷದಲ್ಲಿ ಹೊಸಬನೂ ಹಳಬನನ್ನ ತಡೆಯಬಹುದು, ಎಸೆತ ಕಲಿಯೋಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಹುಡುಗರು ಸೋಮಾರಿಗಳೇನಲ್ಲ. ನಿಯಮ ಯಾವುದಕ್ಕೆ ಬೆಲೆ ಕೊಟ್ಟಿತ್ತೋ ಅದನ್ನೇ ಬೆವರು ಸುರಿಸಿ ಕಲಿತರು.

ಕಾನೊಗೆ ಇದು ಹಿಡಿಸಲಿಲ್ಲ. ನಿಂತು ಆಡೋದು ಮೊದಲು ಅನ್ನೋದು ಆತನ ನಿಲುವು. ಸೊಂಟ ಬಗ್ಗಿಸಿ, ತೋಳು ಸೆಟೆಸಿ ತಡೆಯುತ್ತಾ ನಿಲ್ಲೋ ಭಂಗಿಯ ಬಗ್ಗೆಯೂ ಆತ ಕಡೆಯವರೆಗೆ ಬೇಸರಪಟ್ಟುಕೊಂಡ. 1925ರಲ್ಲಿ ಕೊಡೊಕಾನ್ ನಿಯಮ ಬದಲಾಯ್ತು. ಎಸೆಯೋ ಪ್ರಯತ್ನವಿಲ್ಲದೆ ನೆಲಕ್ಕೆ ಎಳೆದುಕೊಳ್ಳೋದಕ್ಕೆ ಕಡಿವಾಣ ಬಿತ್ತು. ಕೋಸೆನ್ ಹುಡುಗರು ಒಪ್ಪದೆ ತಮ್ಮ ನಿಯಮ ತಾವೇ ಇಟ್ಟುಕೊಂಡರು. ಹಳೇ ಏಳು ಇಂಪೀರಿಯಲ್ ವಿಶ್ವವಿದ್ಯಾಲಯಗಳ ಪಂದ್ಯದಲ್ಲಿ ಅದು ಇವತ್ತಿಗೂ ಬದುಕಿದೆ.

ಕಾನೊ ಎಲ್ಲಿ ಕೈ ಹಾಕಿದ ಅನ್ನೋದನ್ನ ಗಮನಿಸಿ. ಯಾರ ಮನಸ್ಸಲ್ಲಿ ಆಡೋ ಇಚ್ಛೆ ಇದೆ, ಯಾರಿಗಿಲ್ಲ ಅಂತ ಅಳೆಯೋಕೆ ಹೋಗಲಿಲ್ಲ. ನೆಲಕ್ಕೆ ಹೋಗೋ ದಾರಿಯನ್ನ ಕಿರಿದು ಮಾಡಿದ. ಅದು ಎಲ್ಲರ ಕಣ್ಣಿಗೂ ಕಾಣೋ ವಿಷಯ. ಹಾಗಂತ ಆತ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲಾರೆ. ಬಲವಾದ ತಂಡದ ಮುಂದೆ ಬಡ ತಂಡಕ್ಕೆ ಆ ಡ್ರಾ ಒಂದು ಮರ್ಯಾದೆಯ ದಾರಿಯಾಗಿತ್ತು. ಹಾಸ್ಟೆಲ್‌ನಲ್ಲಿ ಏಟು ತಿಂದ ಹುಡುಗನಿಗೆ ಇದು ಅರ್ಥವಾಗಬೇಕಿತ್ತು ಅಂತ ಅನಿಸುತ್ತೆ.

ಹಡಗಿನಲ್ಲಿ ಕೊನೆ

1940ರ ಒಲಿಂಪಿಕ್ಸ್ ಟೋಕಿಯೊಗೆ ತರೋದು ಕಾನೊನ ಕೊನೇ ಹಟ. 1936ರಲ್ಲಿ ಅದು ಸಿಕ್ಕಿತು. ಮರುವರ್ಷವೇ ಜಪಾನ್ ಸೇನೆ ಚೀನಾ ಮೇಲೆ ಪೂರ್ಣ ಯುದ್ಧಕ್ಕಿಳಿಯಿತು. ಆದರೂ 1938ರಲ್ಲಿ, 77ರ ವಯಸ್ಸಲ್ಲಿ, ಆತ ಕೈರೊ ಸಭೆಗೆ ಹೋಗಿ ಕ್ರೀಡಾಕೂಟ ಟೋಕಿಯೊದಲ್ಲೇ ಉಳಿಯೋ ಹಾಗೆ ನೋಡಿಕೊಂಡ. ಚೀನೀ ಹುಡುಗರಿಗೆ ಪಾಠ ಹೇಳಿದ ಮೇಷ್ಟ್ರು, ಆ ಯುದ್ಧ ನಡೆಯುತ್ತಿರುವಾಗ ಕ್ರೀಡೆ ಬೇರೆ ಅಂತ ವಾದಿಸಿದ್ದು ಆತನ ಬದುಕಿನ ಬಿಡಿಸಲಾಗದ ಗಂಟು. ವಾಪಸ್ ಬರುವಾಗ ಮೇ 4ರಂದು ಹಿಕಾವಾ ಮಾರು ಹಡಗಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಜುಲೈನಲ್ಲಿ ಜಪಾನ್ ಕ್ರೀಡಾಕೂಟವನ್ನೇ ಕೈಬಿಟ್ಟಿತು. ಜುಡೊ ಒಲಿಂಪಿಕ್ಸ್‌ಗೆ ಬಂದಿದ್ದು 1964ರಲ್ಲಿ, ಅದೇ ಟೋಕಿಯೊದಲ್ಲಿ.

ಹಾಗಾದ್ರೆ ರೆಫರಿ ಏನು ಮಾಡಬೇಕು?

ಆಮೇಲಿನ ನಿಯಮಗಳು ಆ ಕಡೆ ಈ ಕಡೆ ವಾಲುತ್ತಲೇ ಇವೆ. ರಿಯೊ ಆದಮೇಲೆ, 2017ರಲ್ಲಿ, ನಿಗದಿತ ಸಮಯದಲ್ಲಿ ಶಿದೊ ವ್ಯತ್ಯಾಸದಿಂದಲೇ ಗೆಲ್ಲೋದನ್ನ ತೆಗೆದುಹಾಕಿದರು. ಬದಲಿಗೆ ಮೊದಲು ನಾಲ್ಕು ಶಿದೊಗೆ ಬೀಳ್ತಿದ್ದ ಸೋಲು ಮೂರಕ್ಕೇ ಬಂತು. ಜೊತೆಗೆ ಗೋಲ್ಡನ್ ಸ್ಕೋರ್‌ಗೆ ಸಮಯದ ಮಿತಿ ಇಲ್ಲ. ಪರಿಣಾಮ? ದಣಿದ ಇಬ್ಬರಲ್ಲಿ ಯಾರಿಗೆ ಮೂರನೇದು ಬೀಳುತ್ತೆ ಅಂತ ಕಾಯೋ ಆಟ.

ಮೂಲ ತೊಂದರೆ ಅಳತೆಯದು. ರೆಫರಿ ದಾಳಿಗಳನ್ನ ಎಣಿಸ್ತಾರೆ ಅಂತ ಗೊತ್ತಾದ ಕೂಡಲೇ ಆಟಗಾರರು ಎಣಿಕೆಗೆ ಸಿಗೋ ದಾಳಿ ಮಾಡ್ತಾರೆ: ಎಸೆಯೋ ಉದ್ದೇಶವಿಲ್ಲದೆ ಮಂಡಿಯೂರಿ ಕೂರೋದು, ಎದ್ದು ಮತ್ತೆ ಅದೇ. ಅದನ್ನ ತಡೆಯೋಕೆ ತೋರಿಕೆಯ ದಾಳಿಗೂ ದಂಡ ಬಂತು. ಈಗ ರೆಫರಿ ಅರ್ಧ ಸೆಕೆಂಡಲ್ಲಿ ಆಟಗಾರ್ತಿಯ ಮನಸ್ಸು ಓದಬೇಕು. ಅದು ಯಾರಿಂದ ಸಾಧ್ಯ?

ಕಾನೊ ಜುಡೊಗೆ ಕೊಟ್ಟ ಎರಡು ಸೂತ್ರಗಳಲ್ಲಿ ಒಂದು ಶಕ್ತಿಯ ಸದ್ಬಳಕೆ, ಇನ್ನೊಂದು ತನ್ನ ಮತ್ತು ಇನ್ನೊಬ್ಬರ ಏಳಿಗೆ ಒಟ್ಟಿಗೇ ಅನ್ನೋದು. ಎದುರಾಳಿ ಇಲ್ಲದೆ ಜುಡೊ ಇಲ್ಲ. ಹಾಗಾಗಿ ನನ್ನ ಪ್ರಕಾರ ರೆಫರಿ ಕೇಳಬೇಕಾದ ಪ್ರಶ್ನೆ ಇವನು ದಾಳಿ ಮಾಡಿದನಾ ಅಂತಲ್ಲ. ಇವನು ಎದುರಿನವನಿಗೆ ಆಡೋಕೆ ಬಿಟ್ಟನಾ ಅಂತ. ಹಿಡಿತ ಕೊಟ್ಟು, ನೆಟ್ಟಗೆ ನಿಂತು, ಪ್ರತಿಪಟ್ಟಿಗೆ ಕಾಯುವವನು ಜುಡೊ ಆಡ್ತಿದ್ದಾನೆ. ಅವನನ್ನ ಬಿಡಿ. ಹಿಡಿದ ಕೈ ಕಿತ್ತೆಸೆಯುತ್ತಾ, ತೋಳು ಸೆಟೆಸಿ, ಮ್ಯಾಟ್‌ನ ಅಂಚಿಗೆ ಓಡುವವನು ಇಬ್ಬರ ಆಟವನ್ನೂ ಕೊಲ್ತಿದ್ದಾನೆ. ಅವನಿಗೆ ಬೇಗ, ಸ್ಪಷ್ಟವಾಗಿ ದಂಡ ಹಾಕಿ. ಇದೆಲ್ಲ ಕಣ್ಣಿಗೆ ಕಾಣೋ ಕೆಲಸಗಳು, ಮನಸ್ಸು ಓದೋ ಅಗತ್ಯವಿಲ್ಲ.

ಎರಡನೇದು, ಕಾಲ ತಳ್ಳೋದಕ್ಕೆ ಬೀಳೋ ದಂಡವೇ ಗೆಲುವಾಗಬಾರದು. ಫ್ರೀಸ್ಟೈಲ್ ಕುಸ್ತಿಯಲ್ಲಿ ಸುಮ್ಮನಿದ್ದವನಿಗೆ 30 ಸೆಕೆಂಡ್ ಗಡಿಯಾರ ಓಡುತ್ತೆ. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ ಒಂದು ಅಂಕ, ಪಂದ್ಯ ಮುಂದುವರಿಯುತ್ತೆ. ಪ್ರೊ ಕಬಡ್ಡಿಯ ಡು ಆರ್ ಡೈ ರೇಡ್ ನಮಗೆಲ್ಲ ಗೊತ್ತಿರೋದೇ: ಸತತ ಎರಡು ಖಾಲಿ ರೇಡ್ ಆದರೆ ಮೂರನೇದರಲ್ಲಿ ಅಂಕ ತರಬೇಕು, ಇಲ್ಲವೇ ರೇಡರ್ ಔಟ್. ಅಲ್ಲಿ ಯಾರೂ ರೆಫರಿಯ ಅನಿಸಿಕೆ ಬಗ್ಗೆ ಜಗಳಾಡಲ್ಲ. 2025ರಲ್ಲಿ ಜುಡೊ ಯುಕೊ ಅನ್ನೋ ಸಣ್ಣ ಅಂಕವನ್ನ ವಾಪಸ್ ತಂದಿದೆ. ಅರ್ಧಂಬರ್ಧ ಎಸೆತಕ್ಕೂ ಏನಾದರೂ ಸಿಕ್ಕರೆ ಎಸೆಯೋ ಧೈರ್ಯ ಬರುತ್ತೆ. ಇದು ಸರಿಯಾದ ದಿಕ್ಕು.

ಮೈಬಲ ಇಲ್ಲದವನೂ ಕಾದು, ಬಗ್ಗಿ, ಕ್ಷಣ ನೋಡಿ ಗೆಲ್ಲಬಹುದು ಅನ್ನೋ ಭರವಸೆಯ ಮೇಲೆ ನಿಂತ ಆಟ ಇದು. ರೆಫರಿಯ ಅವಸರಕ್ಕೆ ಆ ಕಾಯೋ ಹಕ್ಕು ಹೋದರೆ ಮ್ಯಾಟ್ ಮೇಲೆ ಉಳಿಯೋದು ದಾಂಡಿಗರು ಮಾತ್ರ. ಅಂಥವರ ಕೈಯಲ್ಲಿ ಏಟು ತಿಂದೇ ಅಲ್ವಾ ಕಾನೊ ಮೂಳೆ ವೈದ್ಯರ ಬೋರ್ಡು ಹುಡುಕಿ ಹೊರಟಿದ್ದು?